ತೂಕ ನೋಡಿ ಜೋಡಿ ಹಾಕಿದೆ, ಏಟು ಉಲ್ಟಾ ಬಿತ್ತು

ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಊರಲ್ಲಿ ಹದಿನೈದು ವರ್ಷದಿಂದ ಕರಾಟೆ ಹೇಳ್ಕೊಡ್ತಿದೀನಿ. ಬೆಳಗ್ಗೆ ಮಕ್ಕಳ ಬ್ಯಾಚು, ರಾತ್ರಿ ಏಳೂವರೆಗೆ ದೊಡ್ಡವರದ್ದು. ದೊಡ್ಡವರ ಬ್ಯಾಚಲ್ಲಿ ವಾರಕ್ಕೆರಡು ದಿನ ಗ್ಲೌಸು, ಹೆಡ್‌ಗಾರ್ಡು, ಶಿನ್‌ಗಾರ್ಡು ಹಾಕ್ಕೊಂಡು ಕಿಕ್‌ಬಾಕ್ಸಿಂಗ್ ಥರ ಸ್ಪಾರಿಂಗ್, ಅಂದ್ರೆ ಜೋಡಿ ಹಾಕಿ ಅಭ್ಯಾಸದ ಕಾದಾಟ, ಮಾಡಿಸ್ತೀನಿ. ಈಗ ಬರೀತಿರೋದು ಅಲ್ಲಿ ಇಬ್ಬರು ಹುಡುಗರ ವಿಷಯದಲ್ಲಿ ನಾನು ತಗೊಂಡ ನಿರ್ಧಾರಗಳ ಬಗ್ಗೆ. ಇಬ್ಬರ ಒಪ್ಪಿಗೆ ತಗೊಂಡಿದೀನಿ, ಹೆಸರು, ಊರು, ಕೆಲಸ ಯಾವುದೂ ಹೇಳಲ್ಲ. ಒಬ್ಬನನ್ನ ಪೈಲ್ವಾನ ಅಂತೀನಿ, ಇನ್ನೊಬ್ಬನನ್ನ ಕಡ್ಡಿ ಅಂತ. ಅವರನ್ನ ಯಾರೂ ಹಾಗೆ ಕರೆಯಲ್ಲ, ಓದೋರಿಗೆ ಮೈಕಟ್ಟು ನೆನಪಿರಲಿ ಅಂತ ನಾನೇ ಇಟ್ಟ ಹೆಸರು.

ಪೈಲ್ವಾನಂಗೆ 26 ವರ್ಷ, 92 ಕೆಜಿ, ಎತ್ತರ 173 ಸೆಂಟಿಮೀಟರ್. ನಾಲ್ಕು ವರ್ಷ ಜಿಮ್ ಮಾಡಿ ಬಂದಿದ್ದ, ಬೆಂಚ್ ಪ್ರೆಸ್ ನೂರು ಕೆಜಿ ಎತ್ತೋನು, ಎದೆ ಭುಜ ಎಲ್ಲಾ ತುಂಬ್ಕೊಂಡಿತ್ತು, ಕುತ್ತಿಗೆ ಮೋಟು. ಕಡ್ಡಿಗೆ 21, ಎತ್ತರ 181, ತೂಕ 63. ಕೈ ಚಾಚಿ ಅಳೆದ್ರೆ ಬೆರಳ ತುದಿಯಿಂದ ತುದಿಗೆ ಕಡ್ಡಿದು 188, ಪೈಲ್ವಾನಂದು 172. ವರ್ಲ್ಡ್ ಕರಾಟೆ ಫೆಡರೇಶನ್ ಗಂಡಸರ ಕುಮಿತೆ, ಅಂದ್ರೆ ಎದುರುಬದುರು ಕಾದಾಟದ, ತೂಕದ ಲೆಕ್ಕದಲ್ಲಿ ಒಬ್ಬ 67ರ ಒಳಗಿನ ಕ್ಲಾಸು, ಇನ್ನೊಬ್ಬ 84ರ ಮೇಲಿಂದು, ಮಧ್ಯದಲ್ಲಿ ಇನ್ನೂ ಎರಡು ಕ್ಲಾಸಿದೆ. ಅಂದ್ರೆ ಟೂರ್ನಮೆಂಟಲ್ಲಿ ಇವರಿಬ್ಬರು ಎದುರುಬದುರು ನಿಲ್ಲೋ ಹಾಗೇ ಇಲ್ಲ. ಆದರೆ ನಮ್ಮಂಥ ಸಣ್ಣ ಊರಿನ ಕ್ಲಾಸಲ್ಲಿ ಹತ್ತು ಹನ್ನೆರಡು ಜನ ಇರ್ತಾರೆ, ತೂಕಕ್ಕೆ ತೂಕ ಜೋಡಿ ಎಲ್ಲಿಂದ ತರೋದು, ಇರೋರಲ್ಲೇ ಹೊಂದಿಸ್ಬೇಕು.

ನಾನು ಹೊಂದಿಸಿದ್ದು ಹೀಗೆ. ಪೈಲ್ವಾನಂಗೆ ಹೇಳ್ದೆ, "ಲೋ, ನೀನು ಕೈ ತಡ್ಕೊಂಡು ಆಡು, ಅವನು ಸಣ್ಣೋನು." ಕಡ್ಡಿಗೆ ಹೇಳ್ದೆ, "ನೀನು ಯೋಚ್ನೆ ಮಾಡ್ಬೇಡ, ಫುಲ್ ಹಾಕು, ಅವನು ತಡ್ಕೋತಾನೆ." ಬಹಳ ಜನ ಮಾಸ್ಟರ್‌ಗಳು ಇದನ್ನೇ ಹೇಳ್ತಾರೆ, ನನಗೂ ನನ್ನ ಸೆನ್ಸೈ, ಅಂದ್ರೆ ನನ್ನ ಗುರು, ಇದನ್ನೇ ಹೇಳಿಕೊಟ್ಟಿದ್ದು, ತಪ್ಪಿರಬಹುದು ಅಂತ ಒಂದು ದಿನಾನೂ ಅನ್ನಿಸಿರಲಿಲ್ಲ.

ಎರಡು ತಿಂಗಳು ಹಾಗೇ ನಡೀತು. ಆ ಎರಡು ತಿಂಗಳಲ್ಲಿ ನನ್ನ ಕಣ್ಣಿಗೆ ಒಂದು ವಿಷಯ ಬೀಳ್ತಾ ಇತ್ತು, ಅದನ್ನ ಸರಿಯಾಗಿ ಅರ್ಥ ಮಾಡ್ಕೊಳ್ಲಿಲ್ಲ. ಪೈಲ್ವಾನನ್ನ ಕಂಡ್ರೆ ಯಾರಿಗೂ ಭಯ ಇರಲಿಲ್ಲ. ಅವನ ಪಂಚನ್ನ ಗಾರ್ಡ್ ಮೇಲೆ, ಅಂದ್ರೆ ಮುಖದ ಮುಂದೆ ಅಡ್ಡ ಹಿಡಿದ ಕೈ ಮೇಲೆ, ತಗೊಂಡು ಎರಡು ಹೆಜ್ಜೆ ಹಿಂದೆ ಹೋಗೋರು, ವಾಪಸ್ ಬರೋರು, ಅಷ್ಟೇ. ಬ್ಯಾಚಲ್ಲಿ ಒಬ್ಬ ಹೇಳಿದ್ದ, "ಅಣ್ಣಂದು ಹೊಡೆದಂಗಿರಲ್ಲ ಸರ್, ತಳ್ಳಿದಂಗಿರುತ್ತೆ" ಅಂತ. ಕೈ ತಡ್ಕೊಂಡು ಆಡ್ತಾನಲ್ಲ ಅದಕ್ಕೆ ಅನ್ಕೊಂಡೆ. ಒಂದಿನ ಪೈಲ್ವಾನನೇ ಬಂದು ಕೇಳ್ದ, "ಸರ್, ನಾನು ಜೋರಾಗೇ ಹಾಕಿದ್ರೂ ಯಾರೂ ಅಲ್ಲಾಡಲ್ಲ, ಪವರ್ ಕಮ್ಮಿನಾ?" ಅಂತ. ಅಂದ್ರೆ ಅವನು ಕೈ ತಡ್ಕೊಂಡೇ ಇರಲಿಲ್ಲ.

ಪವರ್ ಕಮ್ಮಿ ಅಂದ್ರೆ ಇನ್ನಷ್ಟು ಬ್ಯಾಗ್ ಹೊಡೆಸೋದು, ನಾನು ಮಾಡಿದ್ದು ಅದನ್ನೇ. ನಮ್ಮಲ್ಲಿರೋದು ಚೈನಲ್ಲಿ ನೇತುಹಾಕಿರೋ 40 ಕೆಜಿ ಪಂಚಿಂಗ್ ಬ್ಯಾಗು. ಅದರ ಹಿಂದಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆದು, ಒಬ್ಬೊಬ್ಬರೂ ಹೊಡೆದಾಗ ಬ್ಯಾಗು ಎಲ್ಲಿ ತನಕ ಹೋಗುತ್ತೆ ಅಂತ ಪಕ್ಕದಲ್ಲಿ ಒಬ್ಬನನ್ನ ನಿಲ್ಲಿಸಿ ಗುರುತು ಹಾಕಿಸ್ದೆ. ಪೈಲ್ವಾನಂದೇ ಎಲ್ಲರಿಗಿಂತ ದೂರ. ಕಡ್ಡಿದು ಅವನ ಅರ್ಧಕ್ಕಿಂತ ಸ್ವಲ್ಪ ಮುಂದೆ, ಅಷ್ಟೇ, ಆದರೆ ಅವನು ಹೊಡೆದಾಗ ಬ್ಯಾಗು ಮಧ್ಯದಲ್ಲಿ ಮಡಚ್ಕೊಳ್ಳೋ ಹಾಗೆ ಒಂದು ಕುಳಿ ಬೀಳ್ತಿತ್ತು, ಮೇಲಿನ ಚೈನ್ ಟಣ್ ಅಂತಿತ್ತು. ನಾನು ಗೀಟು ನೋಡ್ದೆ, ಚೈನಿನ ಶಬ್ದ ಕೇಳಿಸ್ಕೊಳ್ಲಿಲ್ಲ. ಪೈಲ್ವಾನನ ಏಟೇ ಜೋರು, ಸ್ಪಾರಿಂಗಲ್ಲಿ ಹೆದರಿಕೆಯಿಂದ ಬಿಡ್ತಿಲ್ಲ ಅಂತ ತೀರ್ಮಾನ ಮಾಡಿ ಜೋಡಿಯನ್ನ ಹಾಗೇ ಮುಂದುವರಿಸ್ದೆ. ಈ ಪ್ರಕರಣದಲ್ಲಿ ನನ್ನ ದೊಡ್ಡ ತಪ್ಪು ಇದು, ಇಲ್ಲಿ ನಿಲ್ಲಿಸಿದ್ರೆ ಮುಂದಿನದು ಆಗ್ತಿರಲಿಲ್ಲ.

ಒಂದು ಮಂಗಳವಾರ, ಮೂರನೇ ರೌಂಡು. ಪೈಲ್ವಾನ ಬಲಗೈ ಬೀಸ್ತಾ ಒಳಗೆ ನುಗ್ಗಿದ, ಕಡ್ಡಿ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು ಗ್ಯಾಕು-ಜುಕಿ ಬಿಟ್ಟ, ಅಂದ್ರೆ ಹಿಂದಿನ ಕೈಯ ನೇರ ಪಂಚು, ದವಡೆ ಪಕ್ಕಕ್ಕೆ ಬಿತ್ತು. ಶಬ್ದ ದೊಡ್ಡದಿರಲಿಲ್ಲ. ಪೈಲ್ವಾನ ಬೀಳಲಿಲ್ಲ, ಒಂದು ಮೊಣಕಾಲು ಮಡಚ್ಕೊಂಡು ಮತ್ತೆ ನೆಟ್ಟಗಾಯ್ತು, ಕಣ್ಣು ನನ್ನ ಕಡೆ ತಿರುಗಿತು, ಏನೋ ಕೇಳ್ಬೇಕು ಅನ್ನೋ ಥರ. ನಿಲ್ಲಿಸ್ದೆ. "ಏನಿಲ್ಲ ಸರ್, ಆರಾಮಿದೀನಿ" ಅಂದ. ಮೂಲೇಲಿ ಕೂತು ಕೈಗೆ ಕಟ್ಟಿದ್ದ ಬಟ್ಟೆ ಬಿಚ್ಚೋಕೆ ಶುರು ಮಾಡ್ದ, ಬಿಚ್ಚೋದು ಮುಗೀತಾನೇ ಇಲ್ಲ, ಅದೇ ಸುತ್ತನ್ನ ಬಿಚ್ಚಿ ಮತ್ತೆ ಸುತ್ತಿ. ಇವತ್ತು ಯಾವ ವಾರ ಸರ್ ಅಂದ. ಹೇಳ್ದೆ. ಎರಡು ನಿಮಿಷಕ್ಕೆ ಮತ್ತೆ ಅದನ್ನೇ ಕೇಳ್ದ. ನನ್ನ ಜೀವ ಬಾಯಿಗೆ ಬಂತು. ಗಾಡಿ ಮೇಲೆ ಕೂರಿಸ್ಕೊಂಡು ಹೋಗೋ ಧೈರ್ಯ ಆಗದೆ ಆಟೋ ಹಿಡಿದು ಆಸ್ಪತ್ರೆಗೆ ಹೋದ್ವಿ. ಸ್ಕ್ಯಾನಲ್ಲಿ ಏನೂ ಇರಲಿಲ್ಲ, ಕನ್ಕಷನ್, ಅಂದ್ರೆ ಏಟಿಗೆ ಮಿದುಳು ಅಲುಗಾಡಿದೆ ಅಂದ್ರು, ತಲೆಗೆ ಏಟು ಬೀಳೋ ಯಾವ ಆಟಾನೂ ತಾವು ಹೇಳೋ ತನಕ ಬೇಡ ಅಂದ್ರು.

ಆ ರಾತ್ರಿ ಕಡ್ಡಿ ನನ್ನ ಜೊತೆ ಆಸ್ಪತ್ರೆ ಹೊರಗಡೆ ಕಟ್ಟೆ ಮೇಲೆ ಕೂತಿದ್ದ, ಮುಖ ಸಪ್ಪಗೆ. "ನಾನು ಫುಲ್ ಹಾಕ್ಲಿಲ್ಲ ಅಂದ್ರೆ ಅಣ್ಣಂಗೆ ತಾಗೇ ತಾಗಲ್ಲ ಅನ್ಕೊಂಡಿದ್ದೆ ಸರ್. ನೀವೂ ಹಾಕು ಅಂದಿದ್ರಿ." ಅವನದು ಒಂದು ಚೂರೂ ತಪ್ಪಿಲ್ಲ. ನಾನು ಕೊಟ್ಟ ಸೂಚನೆ ಅದು.

ಅಲ್ಲಿಂದ ಲೆಕ್ಕಾನೇ ಮೊದಲಿಂದ ಹಾಕಕ್ಕೆ ಶುರು ಮಾಡ್ದೆ. ಆ ಸಂಜೆದು ಒಬ್ಬ ಫೋನಲ್ಲಿ ಸ್ಲೋ ಮೋಷನ್ ಹಿಡಿದಿದ್ದ. ಎಷ್ಟು ಸಲ ನೋಡಿದೀನೋ. ಪೈಲ್ವಾನನ ಬಲಗೈ ಹೊರಟಾಗ ಹಿಂದಿನ ಕಾಲಿನ ಹಿಮ್ಮಡಿ ನೆಲಕ್ಕೆ ಅಂಟ್ಕೊಂಡೇ ಇದೆ, ಸೊಂಟ ತಿರುಗೇ ಇಲ್ಲ, ಭುಜ ಕಿವಿ ಹತ್ರ ಬಂದು ಬಿಗ್ದಿದೆ, ಮೊಣಕೈ ಹೊರಗೆ. ಕೈ ಪೂರ್ತಿ ಚಾಚಿ ಇನ್ನು ಮುಂದಕ್ಕೆ ಹೋಗಕ್ಕೆ ಜಾಗ ಇಲ್ಲ ಅನ್ನೋ ಹೊತ್ತಿಗೆ ಗ್ಲೌಸು ಕಡ್ಡಿಯ ಗಾರ್ಡ್‌ಗೆ ತಾಗುತ್ತೆ, ಮಿಕ್ಕಿದ್ದು ಮೈಭಾರ ಹಾಕಿ ಒತ್ತೋದು. ಕಡ್ಡಿದು ಬೇರೆ. ಹಿಮ್ಮಡಿ ಮೊದಲು ತಿರುಗುತ್ತೆ, ಆಮೇಲೆ ಸೊಂಟ, ಆಮೇಲೆ ಭುಜ, ಕೊನೇಲಿ ಕೈ, ಸಡಿಲವಾಗಿ ಹೋಗಿ ಮೊಣಕೈ ಇನ್ನೂ ಚೂರು ಮಡಚಿರೋವಾಗಲೇ ತಾಗುತ್ತೆ, ತಾಗೋ ಕ್ಷಣಕ್ಕೆ ಮಾತ್ರ ಇಡೀ ಮೈ ಗಟ್ಟಿ. ಅದೇ ಕ್ಷಣದಲ್ಲಿ ಪೈಲ್ವಾನನ ತಲೆ ಎದುರಿಂದ ಬರ್ತಾ ಇದೆ, ಎರಡೂ ವೇಗ ಸೇರ್ಕೊಂತು.

ಇಲ್ಲಿ ಸ್ವಲ್ಪ ಲೆಕ್ಕ ಹೇಳ್ಲೇಬೇಕು. ಬ್ಯಾಗು ಎಷ್ಟು ದೂರ ಹೋಯ್ತು ಅನ್ನೋದು ಬಲ ಎಷ್ಟು ಮತ್ತೆ ಅದು ಎಷ್ಟು ಹೊತ್ತು ಅಂಟ್ಕೊಂಡಿತ್ತು ಅನ್ನೋ ಎರಡರ ಗುಣಾಕಾರ. ಹೊತ್ತು ಜಾಸ್ತಿ ಇದ್ರೆ ಕಮ್ಮಿ ಬಲದಲ್ಲೂ ಬ್ಯಾಗು ದೂರ ಹೋಗುತ್ತೆ, ಕೆಟ್ಟು ನಿಂತ ಕಾರನ್ನ ನಾವು ತಳ್ಳಿ ನಡೆಸ್ತೀವಲ್ಲ ಹಾಗೆ. ಮನುಷ್ಯನ ದವಡೆಗೆ ಲೆಕ್ಕ ಬರೋದು ಬಲ ಎಷ್ಟು ಬೇಗ ಎಷ್ಟು ಎತ್ತರಕ್ಕೆ ಏರುತ್ತೆ ಅನ್ನೋದು. ಬ್ರಿಟನ್ನಿನ ಹೆವಿವೇಯ್ಟ್ ಬಾಕ್ಸರ್ ಫ್ರಾಂಕ್ ಬ್ರೂನೋನ ಪಂಚನ್ನ ಅಳೆದು 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಲ್ಲಿ ಹಾಕಿದ್ರು. ಮುಷ್ಟಿ ವೇಗ ಸೆಕೆಂಡಿಗೆ 8.9 ಮೀಟರ್, ಬಲ 4,000 ನ್ಯೂಟನ್ ದಾಟಿತ್ತು, ತಾಗಿದ 14 ಮಿಲಿಸೆಕೆಂಡ್ ಒಳಗೆ ತುದಿ ಮುಟ್ಟಿತ್ತು. ಅದನ್ನ ಅವರು ಹೋಲಿಸಿದ್ದು ಮೆತ್ತೆ ಸುತ್ತಿದ 6 ಕೆಜಿಯ ಮರದ ಸುತ್ತಿಗೆಗೆ, ಗಂಟೆಗೆ 32 ಕಿಲೋಮೀಟರ್ ವೇಗದಲ್ಲಿ ಬೀಸಿದ್ರೆ ಹೇಗೋ ಹಾಗೆ. ನೂರು ಕೆಜಿ ಮೇಲಿದ್ದ ಮನುಷ್ಯ, ಮುಷ್ಟಿ ಹಿಂದೆ ಬಂದು ಕೂತಿದ್ದು 6 ಕೆಜಿ ಸುತ್ತಿಗೆಯಷ್ಟು! ಇದನ್ನ ಓದಿದಾಗ ನನಗೆ ಪೈಲ್ವಾನನ 92 ಕೆಜಿ ಬೇರೆ ಥರ ಕಾಣಿಸ್ತು. 92ರಲ್ಲಿ ಎಷ್ಟು ಕೆಜಿ ಅವನ ಮುಷ್ಟಿ ಜೊತೆ ಹೋಗ್ತಿತ್ತು? ಬರೀ ತೋಳಿನದು, ಅಷ್ಟೇ.

ಹಾಗಂತ ತೂಕ ಸುಳ್ಳಲ್ಲ. 2005ರಲ್ಲಿ ಏಳು ಜನ ಒಲಿಂಪಿಕ್ ಬಾಕ್ಸರ್‌ಗಳ ಮೇಲೆ ಮಾಡಿದ ಅಧ್ಯಯನ ಇದೆ, 51 ಕೆಜಿ ಫ್ಲೈವೇಯ್ಟಿಂದ ಸೂಪರ್ ಹೆವಿವೇಯ್ಟ್ ತನಕ. ಮುಷ್ಟಿ ಹಿಂದೆ ಕೂರೋ ತೂಕ ಸರಾಸರಿ 2.9 ಕೆಜಿ, ದೊಡ್ಡ ಕ್ಲಾಸಿನವರ ಬಲ ಜಾಸ್ತಿ, ಮುಖ್ಯ ಕಾರಣ ಈ ಕೂರೋ ತೂಕ ಅವರದ್ದು ಜಾಸ್ತಿ ಅನ್ನೋದು. ಅವರೆಲ್ಲ ಅಷ್ಟು ವರ್ಷ ಕಲ್ತೋರು, ಕಾಲಿಂದ ಕೈ ತನಕ ಜೋಡಿಸೋದು ಗೊತ್ತಿರೋರು. ಕಲೀದೇ ಇರೋನ ತೂಕ ಅವನ ಜೊತೇಲೇ ಉಳ್ಕೊಳುತ್ತೆ, ಎದುರಿನವನಿಗೆ ತಲುಪಲ್ಲ.

ಇನ್ನು ಮೈಕಟ್ಟಿನ ವಿಷಯ. ಪೈಲ್ವಾನನ ಜಿಮ್ ಮೈ ಅವನಿಗೆ ಮೂರು ಕಡೆ ಅಡ್ಡ ಬಂತು. ಎದೆ ಭುಜ ಬಿಗಿ ಆಗಿ ಬೆನ್ನಿನ ಮೇಲ್ಭಾಗ ತಿರುಗ್ತಿರಲಿಲ್ಲ. ಎಲ್ಲಾ ಮಾಂಸಖಂಡಾನೂ ಒಟ್ಟಿಗೆ ಬಿಗಿ ಹಿಡಿಯೋದು ಅಭ್ಯಾಸ ಆಗಿತ್ತು, ಪಂಚ್ ಬಿಡೋವಾಗಲೂ ಬೈಸೆಪ್ಸ್ ಬಿಗಿನೇ, ಬ್ರೇಕ್ ಒತ್ತಿಕೊಂಡು ಆಕ್ಸಿಲರೇಟರ್ ಕೊಟ್ಟ ಹಾಗೆ. ಮೂರನೇದು ಮೋಟು ಕೈ, ಕಡ್ಡಿ ನಿಲ್ಲೋ ದೂರದಲ್ಲಿ ನಿಂತು ಕಡ್ಡಿ ಥರಾನೇ ನೇರ ಪಂಚ್ ಹೊಡೀತಿದ್ದ, ತಾಗೋ ಹೊತ್ತಿಗೆ ಕೈಲಿದ್ದ ವೇಗ ಮುಗಿದಿರೋದು. ಎಲ್ಲರಿಗೂ ಒಂದೇ ದೂರ ಹೇಳ್ಕೊಟ್ಟಿದ್ದು ನಾನು, ಆ ದೂರ ಕಡ್ಡಿ ಮೈಗೆ ಹೊಂದ್ತಿತ್ತು, ಇವನ ಮೈಗೆ ಹೊಂದ್ತಿರಲಿಲ್ಲ.

ಡಾಕ್ಟ್ರು ಒಪ್ಪೋ ತನಕ ಅವನಿಗೆ ಸ್ಪಾರಿಂಗ್ ಬಂದ್. ಹುಷಾರಾಗಿ ವಾಪಸ್ ಬಂದ್ಮೇಲೂ ಎರಡು ತಿಂಗಳು ಬರೀ ತಾಂತ್ರಿಕ ಕೆಲಸ. ಬ್ಯಾಗನ್ನ ಬಿಡಿಸಿ ಪೇಪರ್ ತಂದೆ. ಹಳೇ ನ್ಯೂಸ್‌ಪೇಪರ್ ಹಾಳೆ ಒಂದನ್ನ ದಾರಕ್ಕೆ ಬಟ್ಟೆ ಕ್ಲಿಪ್ಪಲ್ಲಿ ನೇತುಹಾಕಿ ಹೊಡಿ ಅಂದೆ. ಅವನ ಪಂಚಿಗೆ ಹಾಳೆ ಗ್ಲೌಸಿಗೆ ಅಂಟ್ಕೊಂಡು ಕೈ ಜೊತೆ ಹೋಗಿ ವಾಪಸ್ ಬಂತು, ಪರ್ ಅಂತ ಒಂದು ಮಡಿಕೆ ಬಿತ್ತು ಅಷ್ಟೇ. ಗ್ಲೌಸ್ ಬಿಚ್ಚಿಸ್ದೆ, ಹಾಗೇ ಆಯ್ತು. ಕಡ್ಡಿ ಹೊಡೆದ, ಮುಷ್ಟಿ ಅಗಲಕ್ಕೆ ತೂತು. ಬ್ಯಾಚಲ್ಲಿರೋ 52 ಕೆಜಿ ಹುಡುಗಿ ಒಬ್ಬಳು ಎರಡನೇ ಏಟಿಗೆ ಹರಿದಳು. ಹಾಳೆಗೆ ತೂಕ ಇಲ್ಲ, ತಳ್ಳಿದ್ರೆ ಸರಿದು ಹೋಗುತ್ತೆ, ಸರಿಯೋಕೆ ಟೈಮ್ ಕೊಡದಷ್ಟು ವೇಗ ಇದ್ರೆ ಮಾತ್ರ ಹರಿಯೋದು. ಇದು ಏಟಿನ ಭಾರ ತೋರಿಸಲ್ಲ, ವೇಗ ಒಂದನ್ನ ತೋರಿಸುತ್ತೆ, ಅವನಿಗೆ ಕಮ್ಮಿ ಇದ್ದಿದ್ದು ಅದೇ ಆದ್ದರಿಂದ ಆ ಹಾಳೆ ಬೇಕಿತ್ತು.

ಮೂರು ವಾರ ಹಾಳೆ ಹರೀಲಿಲ್ಲ. ಸಡಿಲ ಬಿಡು ಸಡಿಲ ಬಿಡು ಅಂತ ನಾನು ಕೂಗ್ತಾ ಇರೋದು, ಅವನು ಸಡಿಲ ಬಿಡಬೇಕು ಅಂತ ಇನ್ನೂ ಬಿಗಿ ಹಿಡಿಯೋದು. ಗರಡಿ ಮನೆ ಹಿರಿಯರೊಬ್ಬರು ನಮ್ಮೂರಲ್ಲಿದ್ದಾರೆ, ಅವರ ಹತ್ರ ಕರ್ಕೊಂಡು ಹೋದೆ, ಗದೆ ತಿರುಗಿಸೋದು ತೋರಿಸಿಕೊಟ್ರು. ಕೈಯಿಂದ ಎತ್ತಕ್ಕೆ ಹೋದ್ರೆ ಭುಜ ಹೋಗುತ್ತೆ ಮಗಾ, ಸೊಂಟ ಹೇಳ್ಬೇಕು, ಕೈ ಕೇಳ್ಬೇಕು ಅಂದ್ರು. ಅದರಿಂದ ಭುಜ ಸ್ವಲ್ಪ ಬಿಟ್ಕೊಂತು. ಆದರೆ ನಿಜವಾಗಿ ತಿರುವು ಬಂದಿದ್ದು ಅವನ ಬಾಯಿಂದಲೇ. ಒಂದಿನ ಬೆವರು ಒರೆಸ್ಕೊಳ್ತಾ ಒದ್ದೆ ಟವೆಲ್ ಕೈಲಿ ಹಿಡ್ಕೊಂಡು ಸುಮ್ನೆ ನೋಡ್ತಾ ನಿಂತಿದ್ದ. "ಸರ್, ಇದು ಬಟ್ಟೆ ಒಗ್ದಂಗಲ್ವಾ?" ಅಂದ. ಅವನು ಹಾಸ್ಟೆಲಲ್ಲಿ ಓದಿದೋನು, ಅಷ್ಟು ವರ್ಷ ಒಗೆಯೋ ಕಲ್ಲ ಮೇಲೆ ಬೆಡ್‌ಶೀಟ್ ಬಡಿದಿದ್ದ. ನೆನೆದ ಬೆಡ್‌ಶೀಟು ಎಷ್ಟು ಭಾರ ಇರುತ್ತೆ, ಅದನ್ನ ತೋಳಿಂದ ಎತ್ತಿ ಬಡಿದ್ರೆ ಹತ್ತು ಏಟಿಗೆ ಸುಸ್ತು, ನಮ್ಮ ಮನೆಗಳಲ್ಲಿ ನಲವತ್ತೈದು ಕೆಜಿ ಅಜ್ಜಿಯಂದಿರು ಒಂದು ಬಕೆಟ್ ಬಟ್ಟೆ ಬಡಿದು ಮುಗಿಸ್ತಿದ್ರು, ಕಾಲೂರಿ, ಸೊಂಟ ತಿರುಗಿಸಿ, ಕೈ ಸುಮ್ನೆ ಹಗ್ಗದ ಥರ ಹಿಂದೆ ಹೋಗಿ ಕಲ್ಲಿಗೆ ತಾಗೋ ಕ್ಷಣಕ್ಕೆ ಒಂದು ಬಿಗಿ. ಅವನು ಆ ಟವೆಲ್‌ನ ಗೋಡೆಗೆ ಹತ್ತು ಸಲ ಬಡಿದ. ಟವೆಲ್ ಇಟ್ಟು ಅದೇ ಕಾಲು ಅದೇ ಸೊಂಟದಲ್ಲಿ ಹಾಳೆಗೆ ಹೊಡೆದ. ಅಂಚು ಹರೀತು. ಇನ್ನೊಂದು ಹಾಳೆ ಹಾಕಿದ್ವಿ, ಮಧ್ಯಕ್ಕೇ ತೂತು. ಅವನು ಆ ತೂತಲ್ಲಿ ಕೈ ಹಾಕಿ ಸುಮಾರು ಹೊತ್ತು ನೋಡ್ತಿದ್ದ.

ಕರಾಟೇಲಿ ಇದಕ್ಕೆ ಕಿಮೆ ಅಂತಾರೆ. ದಾರಿಯುದ್ದಕ್ಕೂ ಸಡಿಲ, ತಾಗೋವಾಗ ಬಿಗಿ. 2010ರಲ್ಲಿ ಸ್ಟುವರ್ಟ್ ಮೆಕ್‌ಗಿಲ್ ಅನ್ನೋ ಕೆನಡಾದ ಬೆನ್ನುಮೂಳೆ ವಿಜ್ಞಾನಿ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಫೈಟರ್‌ಗಳ ಮಾಂಸಖಂಡಗಳನ್ನ ಅಳೆದು ಇದನ್ನೇ ತೋರಿಸಿದ್ರು, ಹೊರಡೋವಾಗ ಒಂದು ಬಿಗಿ, ಮಧ್ಯ ಸಡಿಲ, ತಾಗೋವಾಗ ಎರಡನೇ ಬಿಗಿ. ಮಧ್ಯದ ಸಡಿಲ ವೇಗ ಕೊಡುತ್ತೆ, ಎರಡನೇ ಬಿಗಿ ಮೈತೂಕನ ಮುಷ್ಟಿ ಹಿಂದೆ ತಂದು ಕೂರಿಸುತ್ತೆ. ಪೈಲ್ವಾನಂಗೆ ಎರಡೂ ಬಿಗಿ ಇತ್ತು, ಮಧ್ಯದ ಸಡಿಲ ಇರಲಿಲ್ಲ.

ಆಮೇಲೆ ದೂರ ಬದಲಿಸ್ದೆ. ನೇರ ಪಂಚಲ್ಲಿ ಕಡ್ಡಿ ಜೊತೆ ಪೈಪೋಟಿ ಬೇಡ, ಅರ್ಧ ಹೆಜ್ಜೆ ಒಳಗೆ, ತಲೆ ಮಧ್ಯದ ಗೆರೆಯಿಂದ ಆಚೆ, ಮೊಣಕೈ ಮಡಚಿ ಪಕ್ಕದಿಂದ ಬೀಸೋ ಹುಕ್ಕು ಪಂಚು, ಹೊಟ್ಟೆಗೆ. ಮೈಕ್ ಟೈಸನ್ 178 ಸೆಂಟಿಮೀಟರ್, ಆ ಎತ್ತರದಲ್ಲಿ ಹೆವಿವೇಯ್ಟಲ್ಲಿ ತನಗಿಂತ ಉದ್ದದವರ ಮಧ್ಯೆ ಗೆದ್ದಿದ್ದು ಹೀಗೆ ಒಳಗೆ ಹೋಗೇ. ಪೈಲ್ವಾನಂಗೆ ಆ ವಿಡಿಯೋಗಳನ್ನ ತೋರಿಸ್ದೆ, ಕಡ್ಡಿಗೆ ಬಾಕ್ಸರ್ ಥಾಮಸ್ ಹರ್ನ್ಸ್‌ದು ತೋರಿಸ್ದೆ, 185 ಸೆಂಟಿಮೀಟರ್ ಎತ್ತರ, 67 ಕೆಜಿ ಒಳಗಿನ ಕ್ಲಾಸಲ್ಲಿ ಆಡಿ ಒಂದೇ ಬಲಗೈಯಲ್ಲಿ ಜನರನ್ನ ಮಲಗಿಸ್ತಿದ್ದೋನು. ಇಬ್ಬರಿಗೂ ಅವರವರ ಮೈಯಂಥ ಮೈ ಕಣ್ಣಿಗೆ ಬೀಳ್ಬೇಕಿತ್ತು.

ಐದನೇ ತಿಂಗಳಲ್ಲಿ ಫೋಕಸ್ ಪ್ಯಾಡ್, ಅಂದ್ರೆ ಏಟು ತಗೊಳ್ಳೋಕೆ ಕೈಗೆ ಹಾಕ್ಕೊಳ್ಳೋ ಮೆತ್ತೆ, ಹಿಡಿದಿದ್ದೆ ನಾನು. ಪೈಲ್ವಾನನ ಎಡಗೈ ಹುಕ್ಕು ಬಂತು, ಪ್ಯಾಡು ನನ್ನ ಕೈ ಸಮೇತ ಹಿಂದೆ ಹೋಯ್ತು, ಮೊಣಕೈ ಒಳಗೆ ಚಳಕ್ ಅಂತು. ಮೂರು ವಾರ ಆ ಕೈಲಿ ನೀರಿನ ಬಿಂದಿಗೆ ಎತ್ತಕ್ಕಾಗ್ಲಿಲ್ಲ. ಅಷ್ಟು ವರ್ಷ ಪ್ಯಾಡ್ ಹಿಡಿದಿದೀನಿ, ಕಡ್ಡಿದು ಸಾವಿರಾರು ಏಟು ತಗೊಂಡಿದೀನಿ, ಹೀಗಾಗಿರಲಿಲ್ಲ. ಈಗ ಅವನ 92 ಕೆಜಿ ಬರ್ತಾ ಇತ್ತು. ಆವತ್ತು ನನಗೆ ಖುಷಿಗಿಂತ ಭಯ ಜಾಸ್ತಿ ಆಯ್ತು, ಯಾಕಂದ್ರೆ ಅವನಿಗೇ ಅವನ ಏಟು ಗೊತ್ತಿರಲಿಲ್ಲ, ಹಳೇ ಅಂದಾಜಲ್ಲೇ ಕೈ ಬಿಡ್ತಿದ್ದ. ಮೊದಲು ಕಡ್ಡಿ ಎಲ್ಲಿದ್ದನೋ ಈಗ ಇವನು ಅಲ್ಲಿ ನಿಂತಿದ್ದ. ಆದ್ದರಿಂದ ಪ್ಯಾಡ್ ಬದಲು ದಪ್ಪ ಕಿಕ್ ಶೀಲ್ಡ್ ತಂದೆ, ಇನ್ನೂ ಒಂದು ತಿಂಗಳು ಸ್ಪಾರಿಂಗ್ ಮುಂದಕ್ಕೆ ಹಾಕ್ದೆ. ಅವನಿಗೆ ಬೇಜಾರಾಯ್ತು, ಎರಡು ದಿನ ಬರಲಿಲ್ಲ, ಆಮೇಲೆ ಬಂದ.

ಈಗ ನಮ್ಮಲ್ಲಿ ಸ್ಪಾರಿಂಗ್ ಹೇಗೆ ನಡೆಯುತ್ತೆ ಹೇಳ್ತೀನಿ, ಬೇರೆ ಕ್ಲಾಸ್ ನಡೆಸೋರಿಗೆ ಬೇಕಾಗೋದು ಇದೇ. ನೀನು ತಡ್ಕೋ, ನೀನು ಹಾಕು ಅನ್ನೋದನ್ನ ಪೂರ್ತಿ ಬಿಟ್ಟಿದೀನಿ. ಇಬ್ಬರಿಗೂ ಒಂದೇ ಅಳತೆ, ರೌಂಡ್ ಶುರು ಆಗೋ ಮುಂಚೆ ಇಬ್ಬರೂ ಬಾಯಿಬಿಟ್ಟು ಹೇಳ್ಬೇಕು, ಕಾಲು ಭಾಗ ಅಂತಲೋ ಅರ್ಧ ಅಂತಲೋ. ತಲೆಗೆ ಯಾವತ್ತೂ ಕಾಲು ಭಾಗಕ್ಕಿಂತ ಮೇಲಿಲ್ಲ, ತೂಕ ಎಷ್ಟೇ ಇರಲಿ. ಹೊಸಬರನ್ನ ನೋಡಿ ಇವನ ಏಟು ಇಷ್ಟು ಅಂತ ಅಂದಾಜು ಮಾಡಲ್ಲ, ಮೊದಲ ತಿಂಗಳು ಹಾಳೆ, ಬ್ಯಾಗು, ಶೀಲ್ಡು ಮೂರರಲ್ಲೂ ನೋಡ್ತೀನಿ, ಬ್ಯಾಗು ಎಷ್ಟು ದೂರ ಹೋಯ್ತು ಅನ್ನೋದಕ್ಕಿಂತ ಚೈನಿನ ಶಬ್ದ ಕೇಳಿಸ್ಕೋತೀನಿ. ದೊಡ್ಡ ಮೈ ಹುಡುಗ ನೋವಾದ್ರೂ ಹೇಳಲ್ಲ, ಇಷ್ಟು ದಪ್ಪ ಇದೀನಿ ಹೇಗೆ ಹೇಳೋದು ಅಂತ ನುಂಗ್ಕೋತಾನೆ, ಪೈಲ್ವಾನ ಆಮೇಲೆ ಒಪ್ಕೊಂಡ, ಆ ಮಂಗಳವಾರಕ್ಕಿಂತ ಮುಂಚೇನೂ ಎರಡು ಸಲ ತಲೆನೋವು ಬಂದಿತ್ತಂತೆ. ಅದನ್ನ ಕೇಳಿದ್ಮೇಲೆ ಪ್ರತಿ ರೌಂಡಿನ ಕೊನೆಗೆ ದೊಡ್ಡವನಿಗೇ ಮೊದಲು ಕೇಳ್ತೀನಿ, ಕಣ್ಣು ನೋಡಿ ಕೇಳ್ತೀನಿ.

ಕಡ್ಡಿಗೆ ಈಗ ಹೊಸ ಸಮಸ್ಯೆ. ಪೈಲ್ವಾನ ಒಳಗೆ ಬಂದ್ರೆ ಅವನ ಉದ್ದ ಕೈಗೆ ಬೀಸೋ ಜಾಗಾನೇ ಸಿಗಲ್ಲ, ಒದೆಯೋಕೂ ಆಗಲ್ಲ, ಗೋಡೆ ತನಕ ಹಿಂದೆ ಹೋಗ್ತಾನೆ. "ಸರ್, ನಾನು ತೂಕ ಏರಿಸ್ಲಾ, ಜಿಮ್ಮಿಗೆ ಸೇರ್ಲಾ" ಅಂತ ಹೋದ ತಿಂಗಳು ಕೇಳ್ದ. 67 ದಾಟದ ಹಾಗೆ, ಕಾಲು ಬೆನ್ನಿನ ವರ್ಕೌಟ್ ಮಾಡು, ಬೆಂಚ್ ಪ್ರೆಸ್ ಈಗಲೇ ಬೇಡ, ವಾರಕ್ಕೊಂದ್ಸಲ ಹಾಳೆಗೆ ಹೊಡೆದು ನನಗೆ ತೋರಿಸು ಅಂದಿದೀನಿ. ಪೈಲ್ವಾನ ಪಕ್ಕದಲ್ಲೇ ಇದ್ದ, ಜಿಮ್ಮಲ್ಲಿ ಏನೇನು ಮಾಡ್ಬೇಕು ಅಂತ ನಾನು ತೋರಿಸ್ತೀನಿ ಬಾರೋ ಅಂದ. ಈಗ ಸೋಮವಾರ, ಗುರುವಾರ ಇಬ್ಬರೂ ಒಟ್ಟಿಗೆ ಹೋಗ್ತಿದ್ದಾರೆ. ಕಡ್ಡಿ ಮೊನ್ನೆ 64.5 ಇದ್ದ, ಹಾಳೆ ಇನ್ನೂ ಹರೀತಾ ಇದೆ.